ಎತ್ತಿನ ಪಾಲಿನ ಗೊಟ್ಟ

ನನ್ನ ಕಾರನ್ನು ಗುಜರಿಗೆ ಹಾಕಬೇಕೆಂದು ಮೊದಲು ಹೇಳಿದವರು ನಮ್ಮ ಯಜಮಾನರೇ. ಅದೂ ಊಟಕ್ಕೆ ಕೂತು, ರೊಟ್ಟಿ ಮುರಿಯುತ್ತ, ಉಪ್ಪು ಕೇಳಿದಷ್ಟೇ ಸಲೀಸಾಗಿ. "ಅದರ ಋಣಾ ತೀರೇತಿ ಬಿಡು," ಎಂದರು. ನಾನು ಸೌಟು ಕುಕ್ಕಿದ ಸದ್ದಿಗೆ ಮುಂದಿನ ಮಾತನ್ನು ರೊಟ್ಟಿಯ ಜೊತೆಗೇ ನುಂಗಿದರು. ಆಮೇಲೆ ಹೇಳಿದವರಿಗೆ ಲೆಕ್ಕವಿಲ್ಲ. ನಾದಿನಿ ಹೇಳಿದಳು, ಆಸ್ಪತ್ರೆಯ ಸಿಪಾಯಿ ಹೇಳಿದ, ಡೀಸೆಲ್ ಹಾಕುವವನು ಪೈಪು ಕೈಯಲ್ಲಿ ಹಿಡಿದುಕೊಂಡೇ ಹೇಳಿದ. ಇವರಲ್ಲಿ ಆ ಕಾರಿನಲ್ಲಿ ಒಮ್ಮೆಯೂ ಕೂರದವರು ಯಾರೂ ಇಲ್ಲ. ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ.

ನಾನು ದನದ ಡಾಕ್ಟರು. ಸರ್ಕಾರದ ಭಾಷೆಯಲ್ಲಿ ಪಶುವೈದ್ಯಾಧಿಕಾರಿ. ಹಾಗೆಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಇಂಡಿಯಲ್ಲಿ ನೌಕರಿ ಶುರುವಾಯಿತು, ಮುದ್ದೇಬಿಹಾಳಕ್ಕೆ ವರ್ಗವಾಯಿತು, ಅಲ್ಲಿಂದ ಸಿಂದಗಿ, ಈಗ ಬಸವನ ಬಾಗೇವಾಡಿ. ಮೊದಮೊದಲು ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ, ಇಲ್ಲವೇ ರೈತರು ಕಳಿಸಿದ ಮೋಟಾರ್ ಸೈಕಲ್ಲಿನ ಹಿಂದೆ, ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಆದರೆ ಹೆರುವ ಎಮ್ಮೆ ಬಸ್ಸಿನ ವೇಳೆ ಕೇಳಿಕೊಂಡು ಹೆರುವುದಿಲ್ಲ. ಒಮ್ಮೆ ಚಡಚಣದ ಕಡೆ ಹೊರಟಿದ್ದೆ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ನಾನು ಆ ತೋಟ ಮುಟ್ಟುವಷ್ಟರಲ್ಲಿ ಎಮ್ಮೆಯೂ ಸತ್ತಿತ್ತು, ಹೊಟ್ಟೆಯೊಳಗಿನ ಕರುವೂ ಸತ್ತಿತ್ತು. ಆ ಮನೆಯ ಹೆಣ್ಣುಮಗಳು ನನ್ನನ್ನು ಬೈಯಲಿಲ್ಲ. ಬಿಸಿಲಿನಲ್ಲಿ ಬಂದಿದ್ದೀರಿ ಎಂದು ನೀರು ಕೊಟ್ಟಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವರ್ಷವೇ ನನ್ನ ಸಂಬಳದಿಂದ ಕಾರು ತಂದೆ. ಡೀಸೆಲ್ ಗಾಡಿ, ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರ, ಹಿಂದಿನ ಸೀಟು ಮಡಚಿದರೆ ಹಗ್ಗ, ಬಕೆಟ್ಟು, ಔಷಧ, ಬೇಕಾದರೆ ಎರಡು ಮೇಕೆಗಳೂ ಹಿಡಿಯುವಷ್ಟು ಜಾಗ. ಮುದ್ದೇಬಿಹಾಳದಲ್ಲಿ ಇದರಿಂದ ಇಳಿದಾಗ ಗಂಡಸರು ನನ್ನನ್ನು ಬಿಟ್ಟು ಡ್ರೈವರನನ್ನು ಹುಡುಕುತ್ತಿದ್ದರು. "ಗಂಡ ಡಾಕ್ಟರ ಇಲ್ಲೇನ್ರಿ?" ಎಂದು ಒಬ್ಬ ಮುಖಕ್ಕೆ ಮುಖ ಕೊಟ್ಟು ಕೇಳಿದ. "ಎಮ್ಮಿಗೆ ಕೇಳ್ರಿ, ಅದಕ್ಕ ಯಾರು ಬೇಕಂತ," ಎಂದು ತೋಳಿನ ಬಟ್ಟೆ ಮೇಲೇರಿಸಿದೆ. ಸಿಂದಗಿಯ ಎರೆ ಮಣ್ಣಿನಲ್ಲಿ ಗಾಲಿಗಳು ಹೂತು ಹೋದಾಗ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಕಳೆಯ ಕುಡುಗೋಲು ಕುರ್ಚಿಗಿಯನ್ನು ಕೈಯಲ್ಲಿ ಹಿಡಿದೇ ಬಂದು ದೂಡಿ ಎತ್ತಿದರು, ಎತ್ತಿದ ಮೇಲೆ ಊರ ತನಕ ಬಿಡಿ ಎಂದು ಎಲ್ಲರೂ ಒಳಗೆ ತುಂಬಿಕೊಂಡರು. ಆ ಕೆಸರಿನ ಕಲೆ ಮೇಲ್ಛಾವಣಿಯ ಬಟ್ಟೆಯ ಮೇಲೆ ಇವತ್ತಿಗೂ ಇದೆ. ತೊಳೆಯಲು ನನಗೆ ಮನಸ್ಸಾಗಿಲ್ಲ.

ಇನ್ನು ಗೊಟ್ಟದ ಮಾತು ಹೇಳಬೇಕು, ಯಾಕೆಂದರೆ ಎಲ್ಲ ಅನಾಹುತ ಅಲ್ಲಿಂದಲೇ. ಗೊಟ್ಟ ಎಂದರೆ ಒಂದು ತುದಿ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಎತ್ತಿನ ಮೂಗುದಾರ ಹಿಡಿದು ತಲೆ ಮೇಲೆತ್ತಿ, ಆ ಕೊಳವೆಯನ್ನು ಬಾಯಿಗಿಟ್ಟು ಔಷಧ ಸುರಿಯುತ್ತಾರೆ, ಆ ಔಷಧಕ್ಕೂ ಗೊಟ್ಟ ಎಂದೇ ಹೆಸರು. ಕಾರಹುಣ್ಣಿಮೆಯ ಹಿಂದಿನ ದಿನ, ಹೊನ್ನುಗ್ಗಿಗೆ, ಎತ್ತುಗಳ ಮೈ ತೊಳೆದು ಅರಿಶಿಣ, ಎಣ್ಣೆ, ಹಸಿ ತತ್ತಿ ಕಲಸಿದ ಗೊಟ್ಟ ಹಾಕುವುದು ನಮ್ಮ ಕಡೆ ತಲೆತಲಾಂತರದ ಪದ್ಧತಿ. ತಾವು ತತ್ತಿ ಮುಟ್ಟದ ಮನೆಯವರೂ ಆ ದಿನ ಎತ್ತಿಗಾಗಿ ಹೋಗಿ ತತ್ತಿ ತರುತ್ತಾರೆ. ಪ್ರೀತಿಗೇನೂ ಕಡಿಮೆ ಇಲ್ಲ. ಆದರೆ ತಲೆ ಮೇಲೆತ್ತಿ ಸುರಿದ ಔಷಧ ಎಷ್ಟೋ ಸಲ ಹೊಟ್ಟೆಗೆ ಹೋಗದೆ ಪುಪ್ಪುಸಕ್ಕೆ ಇಳಿಯುತ್ತದೆ, ಎತ್ತಿಗೆ ಜ್ವರ ಬಂದು ಉಸಿರು ಕಟ್ಟುತ್ತದೆ. ಹಬ್ಬ ಮುಗಿದ ವಾರ ನಾನು ಇಂಥ ಎತ್ತುಗಳನ್ನು ನೋಡದ ವರ್ಷವಿಲ್ಲ. ಹಾಕಬೇಡಿ ಎಂದು ನಾಲ್ಕು ತಾಲೂಕಿನಲ್ಲಿ ಗಂಟಲು ಹರಿದುಕೊಂಡಿದ್ದೇನೆ. "ನಮ್ಮ ಮುತ್ಯಾನೂ ಹಾಕ್ತಿದ್ದ, ಎತ್ತು ಸತ್ತಿದ್ದಿಲ್ರಿ," ಎಂಬುದೊಂದೇ ಉತ್ತರ. ಗೋಡೆಗೆ ಹೇಳಿದ್ದರೆ ಅದಾದರೂ ಒಂದು ಬಿರುಕು ಬಿಡುತ್ತಿತ್ತು.

ಹೋದ ವರ್ಷ ಹೊನ್ನುಗ್ಗಿ ಸೋಮವಾರವೇ ಬಿದ್ದಿತ್ತು. ಬಸವಣ್ಣನ ನೆಲದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ದನಗಳೆಲ್ಲ ಮನೆಯಲ್ಲೇ ಇರುವುದರಿಂದ ಅವತ್ತು ನನಗೆ ಉಸಿರು ಬಿಡಲೂ ಪುರಸೊತ್ತಿರುವುದಿಲ್ಲ. ಮಸೂತಿಯಿಂದ ಫೋನು ಬಂತು: ಆಕಳು ಹೆರುತ್ತಿದೆ, ಕರು ಅಡ್ಡ ತಿರುಗಿದೆ. ಕರೆದವನು ನನಗೆ ಬಹಳ ವರ್ಷದ ಪರಿಚಯದ ಮುದುಕ, ಊರಿಗೆಲ್ಲ ಮುತ್ಯಾ. ಹೋಗಿ ಇಳಿದರೆ ಕಾರಿನ ಮುಂದೆ ನೀರು ತೊಟ್ಟಿಕ್ಕುತ್ತಿತ್ತು. ರೇಡಿಯೇಟರಿನ ಪೈಪು ಎಲ್ಲೋ ಸಡಿಲಾಗಿರಬೇಕು ಅಂದುಕೊಂಡು ಬಾನೆಟ್ಟು ಎತ್ತಿಟ್ಟೆ.

"ಯವ್ವಾ, ಗಾಡಿ ಸೋರಾಕತ್ತೇತಲ್ಲ," ಎಂದ ಮುತ್ಯಾ, ಆಕಳ ಚಿಂತೆಯ ನಡುವೆಯೂ.

"ತಣ್ಣಗಾದ ಮ್ಯಾಲೆ ಮುಚ್ಚಳ ತಗದು ನೀರು ಹಾಕ್ರಿ ಮುತ್ಯಾ," ಎಂದು ಹೇಳಿ ನಾನು ದನದ ಮನೆಗೆ ಹೋದೆ. ಭುಜದ ತನಕ ಕೈ ಹಾಕಿ, ಕರುವಿನ ಕಾಲು ಹುಡುಕಿ, ತಿರುಗಿಸಿ, ಎಳೆದು, ಅದು ಉಸಿರಾಡಿ, ತಾಯಿ ನೆಕ್ಕಲು ಶುರು ಮಾಡುವ ಹೊತ್ತಿಗೆ ಹೊರಗೆ ಬಿಸಿಲು ಇಳಿದಿತ್ತು. ಕೈ ತೊಳೆದು ಬಂದು ನೋಡಿದರೆ ರೇಡಿಯೇಟರು ಕಂಠಮಟ್ಟ ತುಂಬಿದೆ, ಸೋರುವುದೂ ನಿಂತಿದೆ. ಮುತ್ಯಾ ಬಾನೆಟ್ಟಿಗೆ ಒಂದು ಕುಂಕುಮದ ಬೊಟ್ಟೂ ಇಟ್ಟಿದ್ದ. ಹಬ್ಬದ ದಿನ, ಇಟ್ಟಿರಲಿ ಎಂದು ಬಂದುಬಿಟ್ಟೆ.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸ್ವಲ್ಪ ಸ್ವಲ್ಪವೇ ಮೇಲೇರತೊಡಗಿತು. ಬೇಸಿಗೆಯ ಕಾವು ಇನ್ನೂ ಇಳಿದಿಲ್ಲ ಅಂದುಕೊಂಡೆ. ಒಂದು ಮಧ್ಯಾಹ್ನ ನಿಡಗುಂದಿ ದಾಟಿ ಹೆದ್ದಾರಿಗೆ ಬಿದ್ದಾಗ ಮುಳ್ಳು ಕೆಂಪಿಗೆ ಹೋಗಿ ನಿಂತಿತು, ಮುಂದಿನಿಂದ ಆವಿ ಭುಸುಗುಟ್ಟಿತು, ಹಿಂದಿನಿಂದ ಬಿಳಿ ಹೊಗೆ. ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಇಂಜಿನ್ನು ಒಂದು ಸಲ ನಡುಗಿ ಸುಮ್ಮನಾಯಿತು. ಆಯಿಲ್ ನೋಡುವ ಕಡ್ಡಿ ಎಳೆದೆ. ಕಪ್ಪಗಿರಬೇಕಾದ ಆಯಿಲ್ಲು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ದನದ ಡಾಕ್ಟರಾದರೂ ಇಷ್ಟು ಗೊತ್ತಾಯಿತು: ನೀರು ಹೋಗಬಾರದ ಕಡೆ ನೀರು ಹೋಗಿದೆ. ಅಲ್ಲಿಯೇ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತೆ. ಹೋಗುವ ಬಸ್ಸಿನವರು ಕಿಟಕಿಯಿಂದ ನೋಡಿದರು. ನೋಡಲಿ.

ವಿಜಯಪುರದ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ನಾನೂ ಯಜಮಾನರೂ ಎಳೆಸಿಕೊಂಡು ಹೋದೆವು. ಅಲ್ಲಿ ಗಾಜಿನ ಕೋಣೆ, ತಣ್ಣನೆ ಗಾಳಿ, ಇಸ್ತ್ರಿ ಅಂಗಿಯ ಸಲಹೆಗಾರ. ಅವನು ಕಾರನ್ನು ಮುಟ್ಟಲೂ ಇಲ್ಲ. ಕಂಪ್ಯೂಟರು ನೋಡಿ, ನಮ್ಮ ಯಜಮಾನರ ಕಡೆ ತಿರುಗಿ ಮಾತಾಡಿದ. "ಸರ್, ಇದರ ಪಾರ್ಟ್ಸ್ ಬರೂದ ನಿಂತೈತ್ರಿ. ವಯಸ್ಸಾಗೇತಿ. ಎಕ್ಸ್‌ಚೇಂಜ್ ಮಾಡಿಬಿಡ್ರಿ."

"ಗಾಡಿ ನಂದು. ನನ್ನ ಜೋಡಿ ಮಾತಾಡ್ರಿ," ಎಂದೆ.

"ಮೇಡಂ, ಅದ ಹೇಳಾಕತ್ತೇನ್ರಿ. ಇಂಥ ಹಳೀ ಇಂಜಿನ್ನಿಗೆ ಕೈ ಹಚ್ಚೂದು ವ್ಯರ್ಥ."

ಅವನು ಕೆಟ್ಟವನೇನಲ್ಲ, ತನಗೆ ಕಲಿಸಿದ್ದನ್ನು ಹೇಳಿದ. ಆದರೆ ಒಂದು ಪ್ರಾಣಿಯನ್ನು ಮುಟ್ಟಿ ನೋಡದೆ ಸಾಯುತ್ತದೆ ಎಂದು ಹೇಳುವ ಡಾಕ್ಟರನ್ನು ನಾನು ಆಸ್ಪತ್ರೆಯ ಗೇಟು ದಾಟಲು ಬಿಡುವುದಿಲ್ಲ. ಎದ್ದು ಬಂದೆ.

ಅದೇ ವಾರ ಮೇಲಧಿಕಾರಿಗಳ ಫೋನು. ಒಳ್ಳೆಯ ಮನುಷ್ಯ, ನನ್ನ ಮೊಣಕಾಲಿನ ನೋವನ್ನು ನನಗಿಂತ ಹೆಚ್ಚು ನೆನಪಿಟ್ಟಿರುವವರು. "ಮೇಡಂ, ಗಾಡಿ ಹೋತಂತಲ್ರಿ. ಮೊಣಕಾಲು ಹಂಗೈತಿ. ಮೋಟಾರ್ ಸೈಕಲ್ ಮ್ಯಾಲೆ ಎಷ್ಟ ದಿನಾ ತಿರಗತೀರಿ? ಜಿಲ್ಲಾ ಕಚೇರಿಯಾಗ ಕುರ್ಚಿ ಖಾಲಿ ಐತಿ, ಬಂದುಬಿಡ್ರಿ. ನೀವು ಹಳ್ಳಿ ಮುಟ್ಟಲಿಲ್ಲ ಅಂದ್ರ ನಾನೂ ಬ್ಯಾರೆಯವರನ್ನ ಹಾಕಬೇಕಾಗ್ತೈತಿ. ತಿಂಗಳ ಕೊನೀಗೆ ಹೇಳ್ರಿ."

ನ್ಯಾಯದ ಮಾತೇ. ಅದಕ್ಕೇ ಹೆಚ್ಚು ಉರಿಯಿತು. ನಿವೃತ್ತಿಗೆ ಉಳಿದಿರುವುದು ಸ್ವಲ್ಪವೇ ಕಾಲ, ಆ ಸ್ವಲ್ಪಕ್ಕೆ ಹೊಸ ಗಾಡಿಯ ಸಾಲ ಯಾಕೆ ಎಂದರು ಯಜಮಾನರು, ಅದೂ ನ್ಯಾಯವೇ. ಎಲ್ಲರ ನ್ಯಾಯವನ್ನೂ ಕೂಡಿಸಿದರೆ ಉತ್ತರ ಒಂದೇ ಬರುತ್ತಿತ್ತು: ನಾನು ಒಂದು ಫ್ಯಾನಿನ ಕೆಳಗೆ ಕೂತು, ಯಾರೋ ಮುಟ್ಟಿದ ದನಗಳ ಬಗ್ಗೆ ಯಾರೋ ಬರೆದದ್ದಕ್ಕೆ ಸಹಿ ಹಾಕುವುದು. ಕಾರು ಸತ್ತರೆ ನನ್ನ ಕೆಲಸವೂ ಅವತ್ತಿಗೇ ಸತ್ತಂತೆ. ಕುರ್ಚಿಯಲ್ಲಿ ಕೂತು ಸಂಬಳ ತಿನ್ನಲು ನಾನು ಈ ಕೈಗಳನ್ನು ಇಷ್ಟು ವರ್ಷ ಪಳಗಿಸಿರಲಿಲ್ಲ. ತಿಂಗಳ ಕೊನೆಯೊಳಗೆ ಅದು ಓಡಬೇಕು, ಓಡಿಸುತ್ತೇನೆ ಎಂದು ಹಟ ಹಿಡಿದೆ.

ಇಂಡಿಯಲ್ಲಿ ಒಬ್ಬ ಮಿಸ್ತ್ರಿ ಇದ್ದಾನೆ. ಕಾರು ಹೊಸದಿದ್ದಾಗ ನೋಡಿಕೊಳ್ಳುತ್ತಿದ್ದವನು. ಜಂಬದ ಕೋಳಿ, ಬಾಯಿ ತೆರೆದರೆ ಸೋಲಾಪುರದಲ್ಲಿ ತಾನು ಎಬ್ಬಿಸಿ ನಿಲ್ಲಿಸಿದ ಲಾರಿಗಳ ಕಥೆ. ನನಗೂ ಅವನಿಗೂ ಜಗಳವಾಗದ ಸರ್ವಿಸಿಂಗ್ ಒಂದೂ ಇಲ್ಲ. ಆದರೆ ಅವನು ಕೈ ಹಚ್ಚುತ್ತಾನೆ, ಮುಟ್ಟದೆ ಮಾತಾಡುವುದಿಲ್ಲ. ಇಂಡಿಗೆ ನಿಂಬೆಹಣ್ಣು ತುಂಬಲು ಖಾಲಿ ಹೋಗುವ ಒಂದು ಲಾರಿ ಸಿಕ್ಕಿತು. ಅದರ ಮೇಲೆ ಕಾರು ಏರಿಸುವುದು ಹೇಗೆ ಎಂದು ಡ್ರೈವರ್ ತಲೆ ಕೆರೆದುಕೊಂಡ. ದನದ ಸಂತೆಯ ದಿಬ್ಬಕ್ಕೆ ಲಾರಿಯ ಹಿಂಭಾಗ ಹಚ್ಚು ಎಂದೆ. ಎತ್ತುಗಳನ್ನು ನಾವು ಏರಿಸುವುದು ಹಾಗೆಯೇ. ಹಲಗೆ ಇಟ್ಟು, ಹಗ್ಗ ಕಟ್ಟಿ, ಜನ ಸೇರಿ ದೂಡಿ, ಕಾರು ಲಾರಿ ಏರಿತು. ನಾನೂ ಡ್ರೈವರನ ಪಕ್ಕ ಏರಿದೆ. ಯಜಮಾನರು ಕೆಳಗೆ ನಿಂತು ನನ್ನ ಕಡೆ ಒಂದು, ಕಾರಿನ ಕಡೆ ಒಂದು ನೋಟ ಹರಿಸಿ, "ಹುಚ್ಚು ಹಿಡದೈತಿ," ಎಂದರು. ಆದರೆ ಬುತ್ತಿಯ ಗಂಟು ಮೇಲೆ ಎಸೆದವರೂ ಅವರೇ.

ಮಿಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಸಾಹೇಬ್ರು ಬಂದಿಲ್ಲೇನ್ರಿ?"

"ಸಾಹೇಬ್ರಿಗೆ ಗಾಡಿ ಹೊಡಿಯಾಕ ಬರೂದಿಲ್ಲ. ನನ್ನ ಮುಂದ ಬಿಚ್ರಿ."

"ನೀವು ಮನಿಗೆ ನಡೀರಿ ಬಾಯಾರ, ಫೋನ್ ಮಾಡ್ತೇನಿ. ಹೆಣ್ಮಕ್ಕಳು ನಿಂತು ನೋಡಿದ್ರ ಕೈ ನಡಗ್ತಾವ್ರಿ."

"ನನ್ನ ಕೆಲಸಾ ದಿನಾ ಗಂಡಸರ ಮುಂದ ನಡೀತೈತಿ. ನನ್ನ ಕೈ ಇನ್ನೂ ನಡಗಿಲ್ಲ. ನಿಮ್ಮ ಕೈ ನಡಗ್ತಾವಂದ್ರ ಹೇಳ್ರಿ, ಬ್ಯಾರೆ ಮಿಸ್ತ್ರೀನ್ನ ನೋಡ್ತೇನಿ."

ಅವನಿಗೆ ಅಷ್ಟು ಸಾಕಾಯಿತು. ಒಂದು ಹಳೆಯ ಟೈರನ್ನು ಕಾಲಿನಿಂದ ನನ್ನ ಕಡೆ ಉರುಳಿಸಿದ. ಕೂಡ್ರಿ ಎಂಬುದಕ್ಕೆ ಅವನ ಮರ್ಯಾದೆ ಅಷ್ಟೇ. ನಮ್ಮ ಕಡೆ ದನಕ್ಕೆ ಕತ್ತರಿ ಹಾಕುವಾಗ ಮಾಲೀಕ ಮೂಗುದಾರ ಹಿಡಿದು ತಲೆಯ ಹತ್ತಿರ ನಿಲ್ಲಬೇಕು, ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ನಾನೂ ಟೈರನ್ನು ಕಾರಿನ ಮೂತಿಯ ಹತ್ತಿರ ಎಳೆದುಕೊಂಡು ಕೂತೆ.

ರೇಡಿಯೇಟರಿನ ಕೆಳಗಿನ ಪೈಪು ಬಿಚ್ಚಿದಾಗ ನೀರು ಬರಲಿಲ್ಲ. ಅವನು ಕಡ್ಡಿ ಹಾಕಿ ಕೆದಕಿದ. ಹಳದಿಯ ಒಂದು ಮುದ್ದೆ ಪಚಕ್ ಎಂದು ಅವನ ಚಪ್ಪಲಿಯ ಮೇಲೆ ಬಿತ್ತು. ಮೂಸಿ ನೋಡಿ ಮುಖ ಕಿವುಚಿದ.

"ಯಾವ ಶಾಣ್ಯಾ ಇದಕ್ಕ ಅರಿಶಿಣ ಕುಡಿಸ್ಯಾನ್ರಿ? ಲಾರಿಯವರು ಸೋರಿಕಿಗೆ ಒಂದ ಚಿಟಿಕಿ ಹಾಕ್ತಾರ, ಇಲ್ಲಿ ನೋಡಿದ್ರ ಹಬ್ಬದ ಅಡಿಗಿನ ಮಾಡ್ಯಾರ! ಎಣ್ಣಿ ಐತಿ, ಬೆಂದ ತತ್ತಿ ಐತಿ. ನೀರ ಓಡೂ ದಾರಿ ಎಲ್ಲಾ ಮುಚ್ಚಿ, ಇಂಜಿನ್ ಕಾದು, ನೀರು ಆಯಿಲ್ ಬೆರೀದಂಗ ತಡಿಯೂ ಹೆಡ್ ಗ್ಯಾಸ್ಕೆಟ್ ಸುಟ್ಟ ಹೋಗೇತಿ."

ಅರಿಶಿಣ, ಎಣ್ಣೆ, ತತ್ತಿ. ನನಗೆ ಮತ್ತೇನೂ ಕೇಳಬೇಕಾಗಲಿಲ್ಲ. ಮಸೂತಿ, ಹೊನ್ನುಗ್ಗಿ, ಕುಂಕುಮದ ಬೊಟ್ಟು ಎಲ್ಲವೂ ಕಣ್ಣ ಮುಂದೆ ಬಂದವು. ಇಡೀ ಜಿಲ್ಲೆಯಲ್ಲಿ ಗೊಟ್ಟದ ವಿರುದ್ಧ ಒಬ್ಬಂಟಿಯಾಗಿ ಬಡಿದಾಡಿದ ನನ್ನ ಕಾರಿಗೇ ಗೊಟ್ಟ ಹಾಕಿದ್ದರು! ಮೈಯೆಲ್ಲ ಉರಿಯಿತು. ಅಲ್ಲಿಂದಲೇ ಫೋನು ಮಾಡಿ ಮುತ್ಯಾನನ್ನು ಬೈಯಬೇಕೆನಿಸಿತು. ಆದರೆ ಇಂಥ ಬೈಗುಳ ಎದುರಿಗೆ ನಿಂತು ಕೊಟ್ಟರೇ ಚೆಂದ. ಮಿಸ್ತ್ರಿಯಿಂದ ಉಪ್ಪಿನಕಾಯಿಯ ಖಾಲಿ ಬಾಟಲಿ ಇಸಿದುಕೊಂಡು ಆ ಹಳದಿ ಮುದ್ದೆಗಳನ್ನು ಅದರಲ್ಲಿ ತುಂಬಿಟ್ಟೆ.

ಇಂಜಿನ್ನಿನ ಮೇಲ್ಭಾಗ ಎತ್ತಿ ಪಕ್ಕಕ್ಕಿಟ್ಟ. ಅದೇ ಹೆಡ್ಡು. ಅವನು ಉಕ್ಕಿನ ಪಟ್ಟಿಯನ್ನು ಅದರ ಮೇಲೆ ಅಡ್ಡವಿಟ್ಟು ಕಣ್ಣು ಕಿರಿದಾಗಿಸಿದ. ಪಟ್ಟಿಯ ಕೆಳಗೆ ಬೆಳಕು ಕಂಡಿತು. ಕಾವಿಗೆ ಹೆಡ್ಡು ಬಾಗಿದೆ ಎಂದ. ಬಾಗಿದ್ದರೆ ಲೇತ್ ಯಂತ್ರದಲ್ಲಿ ಸವರಿ ಸಮ ಮಾಡಬಹುದು. ಬಿರುಕು ಬಿಟ್ಟಿದ್ದರೆ ಮುಗಿಯಿತು, ಈ ಗಾಡಿಯ ಹೊಸ ಹೆಡ್ಡು ಎಲ್ಲಿಯೂ ಸಿಗುವುದಿಲ್ಲ. ಬಿರುಕು ಇದೆಯೋ ಇಲ್ಲವೋ ಎಂದು ಸೋಲಾಪುರದಲ್ಲಿ ನೋಡಬೇಕು.

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದ. ನಾನು ರಜೆ ಹಾಕಿ ಇಂಡಿಯಲ್ಲಿ ಹಳೆಯ ಗೆಳತಿಯೊಬ್ಬಳ ಮನೆಯಲ್ಲಿ ಉಳಿದೆ. ತಿಂಗಳು ಮುಗಿಯುತ್ತ ಬಂದಿತ್ತು. ಆ ಕಾಯುವ ದಿನಗಳಲ್ಲಿ ನನಗೆ ಭಯವಾಗಿತ್ತು ಎಂದು ಹೇಳಲು ನಾಚಿಕೆಯಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ತಲೆ ಬಿಚ್ಚಿಕೊಂಡು ನಿಂತ ಕಾರನ್ನು ನೋಡಲು ಆಗದೆ ಬೆನ್ನು ಹಾಕಿ ಕೂರುತ್ತಿದ್ದೆ. ಮಿಸ್ತ್ರಿ ಚಹಾ ತರಿಸಿ, "ಸೋಲಾಪುರದವರು ಹೊಲಸ ಸುದ್ದಿ ಲಗೂನ ಹೇಳ್ತಾರ್ರಿ, ತಡಾ ಆತಂದ್ರ ಚಲೋ," ಎಂದ. ಅವನ ಬಾಯಿಂದ ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು.

ಬಿರುಕು ಇರಲಿಲ್ಲ. ಸವರಿದ ಹೆಡ್ಡು ಬೆಳ್ಳಗೆ ಹೊಳೆಯುತ್ತ ಬಂತು. ರೇಡಿಯೇಟರನ್ನು ಪೂರ್ತಿ ಬಿಚ್ಚಿಸಿ ತೊಳೆಸಿದ್ದಾಗಿತ್ತು, ಇಂಜಿನ್ನಿನೊಳಗಿನ ನೀರಿನ ದಾರಿಗಳನ್ನು ತಂತಿ ಹಾಕಿ ಕೆರೆದು ಪೈಪಿನ ನೀರು ಬಿಟ್ಟು ಹಳದಿ ಹೋಗುವ ತನಕ ತೊಳೆದಿದ್ದ. ಕೂಡಿಸುವ ದಿನ ಹೆಡ್ಡಿನ ಒಂದು ಬೋಲ್ಟು ಅವನ ಕೈ ಜಾರಿ ಇಂಜಿನ್ನಿನ ಹಿಂದಿನ ಸಂದಿಗೆ ಬಿತ್ತು. ಅವನ ಕೈ ದಪ್ಪ, ಮೊಣಕೈಗೆ ಬಂದು ಸಿಕ್ಕಿಕೊಂಡಿತು. ಅಯಸ್ಕಾಂತ ಕಟ್ಟಿದ ಕಡ್ಡಿ ಹಾಕಿದರೆ ಅದು ಸುತ್ತಲಿನ ಕಬ್ಬಿಣಕ್ಕೇ ಅಂಟಿಕೊಳ್ಳುತ್ತಿತ್ತು. ಮರಾಠಿಯಲ್ಲಿ ಏನೋ ಬೈದು, ಕೆಳಗಿನಿಂದ ಎಲ್ಲ ಬಿಚ್ಚಬೇಕು, ಇನ್ನೆರಡು ದಿನ ಹಿಡಿಯುತ್ತದೆ ಎಂದ.

"ಅತ್ತ ಸರೀರಿ," ಎಂದು ನಾನು ತೋಳಿನ ಬಟ್ಟೆ ಮೇಲೇರಿಸಿದೆ.

"ಬಾಯಾರ, ಅಲ್ಲಿ ಕಣ್ಣಿಗೆ ಕಾಣೂದಿಲ್ರಿ."

"ಆಕಳ ಹೊಟ್ಟಿಯಾಗೂ ಕಾಣೂದಿಲ್ಲ."

ಮೊಣಕೈ ದಾಟಿತು, ಕೆನ್ನೆ ಆಯಿಲ್ ಹತ್ತಿದ ಕಬ್ಬಿಣಕ್ಕೆ ಒತ್ತಿತು, ಕಣ್ಣು ಮುಚ್ಚಿದೆ. ಬೆರಳಿನ ತುದಿಗೆ ಪೈಪು, ವೈರು, ಒಂದು ಗಟ್ಟಿ ಅಂಚು ಸಿಕ್ಕವು. ಅಂಚಿನ ಹಿಂದೆ ಬೋಲ್ಟು. ಎರಡು ಬೆರಳಿನಲ್ಲಿ ಹಿಡಿದು, ಅವಸರ ಮಾಡದೆ, ಬಂದ ದಾರಿಯಲ್ಲೇ ಕೈ ಹಿಂದೆಳೆದೆ. ಮಿಸ್ತ್ರಿ ಬೋಲ್ಟನ್ನು ಬಟ್ಟೆಯಲ್ಲಿ ಒರೆಸಿ ಬಿಗಿದ. ಆಮೇಲೆ ಗಿರಾಕಿಗಳು ಬಂದಾಗ ಅವನ ಸೋಲಾಪುರದ ಕಥೆಗಳ ಸಾಲಿಗೆ ಈ ಬೋಲ್ಟೂ ಸೇರಿಕೊಂಡಿತು, ಮತ್ತು ಆ ಕಥೆಯಲ್ಲಿ ನನ್ನ ತೋಳು ದಿನೇ ದಿನೇ ಉದ್ದವಾಗುತ್ತಿದೆಯಂತೆ.

ಕೀಲಿ ತಿರುಗಿಸಲು ನನಗೇ ಕೊಟ್ಟ. ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಕರಿಯ ಹೊಗೆ ಉಗುಳಿತು. ಆಮೇಲೆ ಹಿಡಿದುಕೊಂಡಿತು, ಅದೇ ಹಳೆಯ ಗಡಸು ದನಿ. ಮಿಸ್ತ್ರಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತ, ಮುಳ್ಳು ನಡುವೆ ಬಂದು ನಿಲ್ಲುವ ತನಕ ನಾನು ಕದಲಲಿಲ್ಲ. ನಿಂತಿತು. ಗಾಲಿಗಳ ಕೆಳಗೆ ಅವನು ಇಂಡಿಯ ನಾಲ್ಕು ನಿಂಬೆಹಣ್ಣು ಇಟ್ಟ. ನಾನು ಅಂಥದ್ದನ್ನು ನಂಬುವವಳಲ್ಲ, ಆದರೂ ಅವನ ಸಮಾಧಾನಕ್ಕೆ ಒಂದೊಂದನ್ನೂ ಸರಿಯಾಗಿ ಹತ್ತಿಸಿಕೊಂಡು ಹೋದೆ.

ಬಾಗೇವಾಡಿಗೆ ಬಂದ ಮೊದಲ ಸೋಮವಾರವೇ ಮಸೂತಿಗೆ ಹೊರಟೆ. ಪಕ್ಕದ ಸೀಟಿನಲ್ಲಿ ಹಳದಿ ಬಾಟಲಿ, ಸುಟ್ಟ ಗ್ಯಾಸ್ಕೆಟ್ಟು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಎತ್ತುಗಳೆಲ್ಲ ಮನೆಯಲ್ಲಿದ್ದವು, ಬೇವಿನ ಮರದ ಕೆಳಗೆ ಜನರೂ ಇದ್ದರು. ಕಾರಿನ ಸದ್ದು ಕೇಳಿ ಮುತ್ಯಾ ಹೊರಗೆ ಓಡಿ ಬಂದ. ಮುಖದಲ್ಲಿ ಹಬ್ಬ.

"ಬರ್ರಿ ಯವ್ವಾ! ಗಾಡಿ ಕೆಟ್ಟೈತಿ ಅಂತ ಯಾರೋ ಅಂದ್ರು, ಸುಳ್ಳ. ನಾ ಕುಡಿಸಿದ್ದು ಹತ್ತೇತಿ ನೋಡ್ರಿ ಗಾಡಿಗಿ!"

ನಾನು ಬಾಟಲಿಯನ್ನು ಅವನ ಮೂಗಿನ ಮುಂದೆ ಹಿಡಿದೆ. "ನೀ ಕುಡಿಸಿದ್ದು ಇಲ್ಲೈತಿ ಮುತ್ಯಾ. ನೀರು ಹೋಗೂ ದಾರಿಯಾಗ ಹೋಗಿ ಕುಂತಿತ್ತು. ಇಂಜಿನ್ನಿಗೆ ಉಸಿರು ಕಟ್ಟಿ ಸತ್ತಿತ್ತು, ಅದರ ತಲೀ ಬಿಚ್ಚಿಸಿ ತಂದೇನಿ. ನನ್ನ ನೌಕರೀನೂ ಅದರ ಹಿಂದ ಹೋಗೂದಿತ್ತು. ನೀರು ಹಾಕು ಅಂದ್ರ ಗೊಟ್ಟ ಯಾಕ ಹಾಕಿದಿ?"

ಮುತ್ಯಾನ ಮುಖ ಇಳಿಯಿತು. ಬಾಟಲಿಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ.

"ಯವ್ವಾ, ಎತ್ತಿಗಿ ಗೊಟ್ಟ ಹಾಕಬ್ಯಾಡ, ಎದಿಗೆ ಇಳಿತೈತಿ ಅಂತ ನೀವ ಹೇಳಿದ್ರಿ. ಊರಾಗ ಯಾರೂ ಕೇಳಲಿಲ್ಲ. ನಾ ಕೇಳಿದೆ. ನಮ್ಮಪ್ಪನ ಕಾಲದ್ದು ಈ ಸಲ ಬಿಟ್ಟೆ. ನಾ ಬ್ಯಾಡ ಅಂದ್ರೂ ಮನಿಯಾಗ ಹೆಣ್ಮಕ್ಕಳು ಕಲಸಿ ಇಟ್ಟಿದ್ರು. ಎತ್ತಿನ ಪಾಲಿಂದು, ಚೆಲ್ಲಾಕ ಮನಸ್ಸ ಬರಲಿಲ್ಲ. ನಿಮ್ಮ ಗಾಡಿ ಸೋರಾಕತ್ತಿತ್ತು. ಎತ್ತಿಗಿ ಬ್ಯಾಡ ಅಂದಿದ್ರಿ, ಗಾಡಿಗಿ ಬ್ಯಾಡ ಅಂದಿರಲಿಲ್ಲಲ್ರಿ."

ದಾರಿಯುದ್ದಕ್ಕೂ ಜೋಡಿಸಿದ್ದ ಬೈಗುಳ ಬಿಟ್ಟು ದನದ ಮನೆಯೊಳಗೆ ಇಣುಕಿದೆ. ಅವನ ಎರಡು ಎತ್ತುಗಳು ಮೇವು ಜಗಿಯುತ್ತಿದ್ದವು, ಮೂಗು ಒದ್ದೆ, ಕಣ್ಣು ಸ್ವಚ್ಛ. ಇಷ್ಟು ವರ್ಷದಲ್ಲಿ ನನ್ನ ಮಾತು ಕೇಳಿ ಗೊಟ್ಟ ಬಿಟ್ಟ ಒಬ್ಬನೇ ಒಬ್ಬ ರೈತ ಇವನು. ಅವನ ಎತ್ತುಗಳ ಪಾಲಿನದನ್ನು ನನ್ನ ಕಾರು ಕುಡಿದಿತ್ತು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಸೆರಗಿನಿಂದ ಒರೆಸಿಕೊಂಡೆ.

ಅಷ್ಟರಲ್ಲಿ ಮುತ್ಯಾ ಬಾಟಲಿ ಹಿಡಿದುಕೊಂಡು ಬೇವಿನ ಮರದ ಕೆಳಗೆ ಹೋಗಿದ್ದ. ಅವನಿಗೂ ಸಿಟ್ಟು ಬಂದಿತ್ತು, ಆದರೆ ನನ್ನ ಮೇಲಲ್ಲ.

"ನೋಡ್ರಲೇ ಇದನ್ನ! ಬಾಯಾರ ಗಾಡಿ ಕಬ್ಬಣದ್ದು. ಗೊಟ್ಟಕ್ಕ ಅದ ಉಸಿರು ಕಟ್ಟಿ ಸತ್ತೈತಿ. ಅದಕ್ಕ ತಲೀ ಬಿಚ್ಚಿ ತೊಳದು ಮತ್ತ ಕೂಡಸಾಕ ಬರ್ತೈತಿ. ನಿಮ್ಮ ಎತ್ತಿಗೆ ಬರ್ತೈತೇನು?"

ನನ್ನ ಇಷ್ಟು ವರ್ಷಗಳ ಉಪದೇಶಕ್ಕೆ ತಲೆ ಅಲ್ಲಾಡಿಸದವರು ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿದರು, ಮುಚ್ಚಳ ತೆಗೆದು ಮೂಸಿದರು. ಗ್ಯಾಸ್ಕೆಟ್ಟಿನ ಸುಟ್ಟ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಹಬ್ಬ ಮುಗಿದಾಗಿನಿಂದ ತನ್ನ ಒಂದು ಎತ್ತು ಕೆಮ್ಮುತ್ತಿದೆ, ಬಂದು ನೋಡುತ್ತೀರಾ ಎಂದು ಒಬ್ಬ ಮೆಲ್ಲಗೆ ಕೇಳಿದ. ಪೆಟ್ಟಿಗೆ ತೆಗೆದುಕೊಂಡು ಹೊರಟೆ.

ಎತ್ತಿನ ಎದೆಗೆ ಸ್ಟೆತೊಸ್ಕೋಪಿನ ನಳಿಕೆ ಹಚ್ಚುವ ಮೊದಲೇ ಫೋನು ಬಡಿದುಕೊಂಡಿತು. ಮೇಲಧಿಕಾರಿಗಳು.

"ಮೇಡಂ, ತಿಂಗಳ ಮುಗೀತ್ರಿ. ಕುರ್ಚಿದು ಏನ್ ವಿಚಾರ ಮಾಡಿದ್ರಿ? ಮನ್ಯಾಗ ಅದೀರೇನು?"

"ಇಲ್ರೀ, ಮಸೂತಿಯಾಗ ಅದೇನಿ."

"ಮಸೂತಿಗೆ ಹ್ಯಾಂಗ ಹ್ವಾದ್ರಿ?"

"ಗಾಡಿ ಹೊಡಕೊಂಡು ಬಂದೇನ್ರಿ. ಕುರ್ಚಿ ಬ್ಯಾರೆ ಯಾರಿಗರೆ ಕೊಡ್ರಿ, ನನ್ನ ಕೈ ಈಗ ಖಾಲಿ ಇಲ್ಲ," ಎಂದು ಫೋನನ್ನು ಪೆಟ್ಟಿಗೆಗೆ ಹಾಕಿ, ಎತ್ತಿನ ಮೂಗುದಾರ ಹಿಡಿಯಲು ಮುತ್ಯಾನನ್ನು ಕರೆದೆ.